ನಾಳೆಯ ಅರ್ಧ ಸೆಕೆಂಡು

ಸುರತ್ಕಲ್. ರಾತ್ರಿ ಎರಡೂ ಕಾಲು.
ಲೈಟ್‌ಹೌಸಿನ ಬೆಳಕು ಕಿಟಕಿಯಿಂದ ಬಂದು
ನನ್ನ ಪರದೆಯನ್ನು ಒರೆಸಿ ಹೋಗುತ್ತದೆ,
ಏನೂ ಅಳಿಸದೆ.

ಯಂತ್ರ ಇಲ್ಲಿಲ್ಲ, ಗುಜರಾತಿನಲ್ಲಿದೆ.
ಹೇಗಿದೆ ಎಂದು ಕೇಳಿದ ವಾಚ್‌ಮನ್ ಕೊರಗಪ್ಪನಿಗೆ
ಪೊಟ್ಟಣದ ಕೋಡುಬಳೆ ಎತ್ತಿ ತೋರಿಸಿದ್ದೆ:
ಇದರ ಒಳಗು ಪೊಳ್ಳಾಗಿದ್ದು, ಆ ಪೊಳ್ಳಿನಲ್ಲಿ
ಬೆಂಕಿ ಯಾವ ಗೋಡೆಯನ್ನೂ ಮುಟ್ಟದೆ
ಸುತ್ತುತ್ತಿದ್ದರೆ, ಹಾಗೆ.
ಎಷ್ಟು ಹೊತ್ತು?
ಅರ್ಧ ಸೆಕೆಂಡು.
ಅವನು ಪಾಪ, ನಗಲಿಲ್ಲ.

ನಾನೂ ನಿಖಿತಾ ಕರ್ಕೇರಳೂ ಅದನ್ನು
ಮುನ್ನೂರ ನಲವತ್ತು ಸಲ ಹೊತ್ತಿಸಿದ್ದೇವೆ
ಒಂದು ಕಡ್ಡಿಯನ್ನೂ ಗೀರದೆ.
ಎಂಟನೆಯದು ಹೊತ್ತಿಕೊಳ್ಳಲೇ ಇಲ್ಲ.
ಎಪ್ಪತ್ತೊಂದು ಬಹಳ ಚಂದ ಇತ್ತು,
ನಾನೊಂದು ಸೊನ್ನೆ ಹೆಚ್ಚು ಹಾಕಿದ್ದೆ.
ಇನ್ನೂರ ಹದಿನಾರರಲ್ಲಿ ಪ್ಲಾಸ್ಮಾ
ಯಾರೋ ಕರೆದ ಹಾಗೆ ಮೆಲ್ಲನೆ ಮೇಲೆದ್ದು
ಗೋಡೆಗೆ ಬಡಿಯಿತು.
ಇಲ್ಲಿ ಒಂದು ಕೆಂಪು ಗೆರೆ, ಅಷ್ಟೆ.
ಅಲ್ಲಾಗಿದ್ದರೆ ಹಂಚು ಸೀಳುತ್ತಿತ್ತು
(ಅಲ್ಲೂ ಹಂಚೇ, ಗ್ರಾಫೈಟಿನದು, ನಮ್ಮೂರಿನದಲ್ಲ),
ಆರು ತಿಂಗಳು ಬೀಗ.

ನಿಖಿತಾಳ ಅಪ್ಪ ಬಂದರಿನಲ್ಲಿ ತಾಂಡೇಲ.
ಅಳಿವೆ ಬಾಗಿಲಿನ ಮರಳು
ನಿನ್ನೆ ಇದ್ದಲ್ಲಿ ಇವತ್ತು ಇರುವುದಿಲ್ಲವಂತೆ.
ಬೋಟು ಬಿಡುವ ಮೊದಲು ದಕ್ಕೆಯಲ್ಲಿ ಕೂತು
ಬೀಡಿ ಕಚ್ಚಿ, ಕಣ್ಣು ಮುಚ್ಚಿ
ಒಮ್ಮೆ ದಾಟಿ ಬರುತ್ತಾರೆ.
ಎಷ್ಟು ಸಲ ಮುಳುಗಿದ್ದೀರಿ, ಕೇಳಿದ್ದೆ.
"ಕೂತಲ್ಲಿಯಾ? ಲೆಕ್ಕ ಇಲ್ಲ.
ನೀರಲ್ಲಿ ಒಮ್ಮೆಯೂ ಇಲ್ಲ ಮಾರಾಯ್ತಿ."

ಕರೆಂಟನ್ನು ನಿಧಾನ ಏರಿಸಿ,
ಮೇಲಿನ ಸುರುಳಿಗೆ ಇಪ್ಪತ್ತು ಮಿಲಿಸೆಕೆಂಡು ತಡವಾಗಿ ಕೊಡಿ
ಎಂದು ಬರೆದು ಕಳಿಸಿ ಮಲಗಿದೆವು,
ಕುರ್ಚಿಯಲ್ಲೇ.

ಹನ್ನೊಂದೂವರೆಗೆ ಫೋನು:
ನಾನೂರ ಮೂವತ್ತು.
ಗೋಡೆ ಮುಟ್ಟಲಿಲ್ಲ, ತಾನೇ ಆರಿಹೋಯಿತು.
ಎಲ್ಲರೂ ಕೇಳಿದ್ದು ಆ ಎಪ್ಪತ್ತರ ಲೆಕ್ಕ.
ಸೀಳದ ಹಂಚನ್ನು
ಯಾರೂ ಕೇಳಲಿಲ್ಲ, ಅದಕ್ಕೆ ಫೋಟೋ ಇಲ್ಲ.

ಸಂಜೆ ಗೊತ್ತಾಯಿತು: ಹಂಚಿನೊಳಗೆ
ಹೀರಿಕೊಂಡು ಕೂತಿದ್ದ ತೇವ.
ಬಿಸಿಗೆ ಹೊರಬಂದು ಬೆಂಕಿಯನ್ನು ತಣಿಸಿತ್ತು.
ನಮ್ಮ ಮುನ್ನೂರ ನಲವತ್ತರಲ್ಲೂ ಗೋಡೆ ಒಣಗಿತ್ತು.

ನಾವು, ಕಡಲ ಬದಿಯವರು,
ಉಪ್ಪಿನ ಡಬ್ಬಿಗೆ ಅಕ್ಕಿಕಾಳು ಹಾಕುವವರು,
ತೇವ ಮರೆತೆವು!
ಮೇಜಿನ ಮೇಲೆ ಕೊರಗಪ್ಪ ತಿನ್ನದೆ ಬಿಟ್ಟ ಕೋಡುಬಳೆ
ಮುರಿಯಲು ಹೋದರೆ ಬಾಗಿತು.
ನಿಖಿತಾ ಬಿದ್ದು ಬಿದ್ದು ನಕ್ಕಳು.

ಹೊಸ ಫೈಲು. ಮುನ್ನೂರ ನಲವತ್ತೊಂದು.
ಮೊದಲ ಸಾಲಿನಲ್ಲೇ ಬರೆದೆ: ತೇವ.
ಎಷ್ಟು ಎಂಬಲ್ಲಿ
ಸದ್ಯಕ್ಕೆ ಖಾಲಿ.