ಕೀಲಿಕೈ

ನಮ್ಮ ಕಡೆ ಬೀಗಕ್ಕೆ ಕೀಲಿ ಅಂತಾರೆ,
ತೆರೆಯುವುದಕ್ಕೆ ಕೀಲಿಕೈ.
ಕೈ ಅನ್ನುವುದು ಆ ಮಾತಿನೊಳಗೇ ಇದೆ,
ಯಾರ ಕೈ ಅನ್ನುವುದಷ್ಟೇ ಇಲ್ಲ.

ವಿಜಯಪುರದ ಬಡಿಕಮಾನದ ಹಿಂದಿನ ಓಣಿಯಲ್ಲಿ
ಅಬ್ಬಾನ ಅಂಗಡಿ, ಚಾಪೆಯಷ್ಟು ಅಗಲ:
ಅರ, ಇಕ್ಕಳ, ಹಿತ್ತಾಳೆಯ ಪುಡಿ,
ತಂತಿಗೆ ಪೋಣಿಸಿದ, ಇನ್ನೂ ಹಲ್ಲು ಮೂಡದ ಕೀಲಿಕೈಗಳು.
ಅದರ ಮೇಲಿನ ಅಟ್ಟದಲ್ಲಿ ನಾನು,
ರದ್ದಿಯವನಿಂದ ಮುನ್ನೂರಕ್ಕೆ ತಂದ ರೌಟರು
(ಒಂದು ಕಿವಿ ಮುರಿದಿದೆ),
ಬೆರಳುದ್ದದ ಆಂಟೆನಾ, ಫ್ಯಾನಿನ ಬಿಸಿಗಾಳಿ.

ಆಂಟೆನಾಗೆ ಸುಮ್ಮನೆ ಕೇಳಿಸಿಕೊ ಅಂದೆ.
ಪರದೆಯ ಮೇಲೆ ಇಡೀ ಓಣಿ ಇಳಿದು ಬಂತು:
ನದಾಫ್ ಹೌಸ್, ಪಟ್ಟಣಶೆಟ್ಟಿ ಮೇಲ್ಮನಿ,
ಮುಟ್ಟಿದ್ರ ಹುಷಾರ್,
ಸಂಜೀವಿನಿ ಲ್ಯಾಬ್.
ಲ್ಯಾಬಿನ ಮುಂದೆ ಮಾತ್ರ ಮೂರು ಹಳೆಯ ಅಕ್ಷರ,
ಇಪ್ಪತ್ತು ವರ್ಷದ ತುಕ್ಕು.
ಅಂಥ ಬೀಗ ಕೆಮ್ಮಿದರೆ ಕಳಚುತ್ತದೆ.
ಹೋದ ತಿಂಗಳು ಅಮ್ಮಿಯ ಥೈರಾಯ್ಡು ರಿಪೋರ್ಟು
ಫೋನಿಗೆ ಬಂದದ್ದು ಇದೇ ಗಾಳಿ ದಾಟಿ.

ಬೆರಳು ಆ ಹೆಸರಿನ ಮೇಲೆ ನಿಂತಿತು.
ನಿಂತಿತು ಅಂತ ಒಪ್ಪಿಕೊಳ್ಳುತ್ತೇನೆ.

ನಾನು ಐದನೇ ಇಯತ್ತೆಯಲ್ಲಿದ್ದಾಗ ಒಬ್ಬ ಹುಡುಗ
ಸಾಬೂನಿನ ಮೇಲೆ ಒತ್ತಿದ ಕೀಲಿಕೈಯ ಅಚ್ಚು ತಂದಿದ್ದ.
‘ಯಾವ ಮನೀದೋ?’
‘ನಮ್ಮದರೀ.’
‘ಹಂಗಾರ ಕೀಲೀನ ತಾ, ಮನೀನ ತೋರ್ಸು.’
ಹುಡುಗ ಸೈಕಲ್ಲಿನ ಕಡೆ ನೋಡಿದ.
ಅಬ್ಬಾ ಸಾಬೂನು ತಗೊಂಡು ನಳದ ಕೆಳಗೆ ಕೂತು
ಕೈ ತೊಳೆದ, ಮೊಣಕೈತನಕ ತೊಳೆದ,
ಅಚ್ಚಿನ ಹಲ್ಲು ಒಂದೊಂದೇ ಸವೆದು
ನೊರೆ ಗಟಾರಿಗೆ ಹೋಗುವತನಕ.
‘ಚಲೋ ಸಾಬೂನು’ ಅಂದ, ಉಳಿದದ್ದನ್ನು ವಾಪಸು ಕೊಟ್ಟ.

ಆಜ್ಞೆಯ ಸಾಲಿನಲ್ಲಿ ನನ್ನ ರೌಟರಿನ ವಿಳಾಸವೊಂದನ್ನೇ ಬರೆದೆ.
ಓಣಿ ಮಾಯವಾಯಿತು.

ಅಷ್ಟಾದರೂ ಅಬ್ಬಾ ಕೆಳಗಿನಿಂದ ಕೂಗಿದ:
‘ವಹಿಯಾಗ ಬರದೇನು?’
ಹೆಸರು: ಜುಲೇಖಾ. ಕೀಲಿ ಯಾರದು: ನಂದ.
ಸಹಿ. ತಾರೀಖು.
ಬಾಡಿಗೆ ಮನೆಯವರು, ಕಪಾಟು ಕಳಕೊಂಡ ಸೊಸೆಯಂದಿರು,
ಅವರ ಹೆಬ್ಬೆಟ್ಟುಗಳ ಕೆಳಗೆ.

ಮೇಲೆ ಬಂದು ನನ್ನ ಫೋನನ್ನು ನಾನೇ ಹೊರದೂಡಿದೆ.
ಅದು ಬೆದರಿದ ಕರುವಿನ ಹಾಗೆ ತಿರುಗಿ ಓಡಿ ಬಂದು
ರೌಟರಿನ ಕೈ ಕುಲುಕಿತು. ನಾಲ್ಕು ಸನ್ನೆ. ಹಿಡಿದಿಟ್ಟೆ.
ಆಮೇಲೆ ಪದಗಳ ಪಟ್ಟಿ,
ಅರದ ಸದ್ದಿಲ್ಲದ ಅರ ತಿಕ್ಕಾಟ.
ಏಳನೇ ನಿಮಿಷಕ್ಕೆ ಬಿತ್ತು.

ನಮ್ಮನೆಯ ಪಾಸ್‌ವರ್ಡನ್ನೇ ಅದಕ್ಕೂ ಇಟ್ಟಿದ್ದೆ:
ಅಂಗಡಿಯ ಫೋನ್ ನಂಬರು.
ಬೋರ್ಡಿನ ಮೇಲೆ ಹಳದಿ ಬಣ್ಣದಲ್ಲಿ ಬರೆಸಿದ್ದು,
ಚೌಕದಿಂದಲೂ ಕಾಣುತ್ತದೆ.
ಮೂರು ವರ್ಷ ಕೀಲಿಯವರ ಮನೆಯ ಕೀಲಿಕೈ
ಬೀದಿಯಲ್ಲೇ ತೂಗುತ್ತಿತ್ತು.
ನಕ್ಕೆ. ಆಮೇಲೆ ನಗು ಬರಲಿಲ್ಲ.

ಮರುದಿನ ಲ್ಯಾಬಿಗೆ ಹೋದೆ.
ಮಾಲೀಕ ಕೊಟ್ನಾಳರು ರಕ್ತದ ಬಾಟಲಿಗೆ ಚೀಟಿ ಅಂಟಿಸುತ್ತಿದ್ದರು.
‘ನಿನಗ ಹೆಂಗ ಗೊತ್ತಾತು?’
‘ಬೀಗ ಹಳೇದು ಅಂತ ದಾರ್ಯಾಗ ಹೋಗಾವ್ರಿಗೂ ಕಾಣತೈತ್ರಿ.
ನಾ ಮುಟ್ಟಿಲ್ಲ.’
‘ಮುಟ್ಟಿಲ್ಲ ಅನ್ನಾಕ ಸಾಕ್ಷಿ ಏನು?’

ಮುಟ್ಟಿದ್ದರೆ ಗುರುತು ಉಳಿಯುತ್ತಿತ್ತು.
ಮುಟ್ಟದ ಕೈಯನ್ನು ಹೇಗೆ ತೋರಿಸಲಿ?
ಮೇಜಿನ ಮೇಲೆ ಸುಮ್ಮನೆ ಅಂಗೈ ಇಟ್ಟೆ.
ಸೂಜಿಗೆ ಚಾಚಿದಂತೆ ಕಂಡಿರಬೇಕು.
‘ನೋಡೂಣು’ ಅಂದರು, ಮುಂದಿನವರನ್ನು ಕರೆದರು.

ಅಂದು ರಾತ್ರಿ ಉದ್ದನೆಯ ಹೊಸ ಪಾಸ್‌ವರ್ಡು ಇಟ್ಟೆ,
ಅಮ್ಮಿಯ ನಾಲ್ಕು ಅಡುಗೆ, ನಡುವೆ ಒಂದು ಬೈಗುಳ.
ಬೆಳಗಿನ ಬಾಂಗಿನವರೆಗೂ ಪಟ್ಟಿ ಓಡಿತು.
ಕರೆಂಟು ಎರಡು ಸಲ ಹೋಗಿ ಬಂತು.

‘ತೆರೀತೇನು?’
‘ಇಲ್ಲಬ್ಬಾ.’
ಇನ್ನೊಮ್ಮೆ ಕೇಳಿದ, ನನ್ನ ಮುಖ ಅರಳಿದ್ದು ನೋಡಿ.
ವಹಿ ತೆಗೆದ, ನನ್ನ ಹೆಸರಿನ ಮುಂದೆ
ಮೂವತ್ತು ವರ್ಷದಲ್ಲಿ ಎಂದೂ ಬರೆಯದ ಮಾತು ಬರೆದ:
ತೆರೀಲಿಲ್ಲ.
ಕೂಲಿಯ ಕಾಲಂ ಖಾಲಿ ಬಿಟ್ಟ.

ಪರದೆ ಮತ್ತೆ ಬಿಚ್ಚಿದರೆ ಸಂಜೀವಿನಿ ಅಲ್ಲೇ ಇದೆ,
ಅದೇ ಮೂರು ಅಕ್ಷರ.
ಸೋಮವಾರ ಗದ್ದಲ ಕಡಿಮೆ ಇರುತ್ತದಂತೆ.
ಅಮ್ಮಿಯ ರಿಪೋರ್ಟಿನ ನೆಪ ಮಾಡಿ
ಇನ್ನೊಮ್ಮೆ ಹೋಗಿ ಬರಬೇಕು.