ಒಳಗಿನ ಚಿಲಕ

ಹನ್ನೊಂದನೆಯ ದಿನ ತೊಟ್ಟಿ ತುಂಬಿತು.
ಬೋಲ್ಟು ಬಿಗಿದು ಜೋಡಿಸಿದ ತಗಡು, ಹತ್ತು ಸಾವಿರ ಲೀಟರು,
ಎಲ್ಲಿ ಕೂರಬೇಕೆಂದು ತಿಳಿಯದ ನೆಂಟನ ಹಾಗೆ
ಕಲ್ಲುರಾಶಿಯ ಮಗ್ಗುಲಲ್ಲಿ ನಿಂತಿತ್ತು.
ಸೀಸೆಯಲ್ಲಿ ನೀರು ಹಿಡಿದು, ಗುಳಿಗೆ ಹಾಕಿ, ಕುಲುಕಿ,
ತಿಳಿಗುಲಾಬಿ ಬಣ್ಣ ಬಂದದ್ದು ನೋಡಿ
ಸರಿಯಾಗಿದೆ ಎಂದು ಬರೆದುಕೊಂಡೆ.

ಅಟ್ಲಾಸ್ ಬೆಟ್ಟ ಮೈಕೊಡವಿದ ರಾತ್ರಿ
ಊರಿನ ಊಟೆಯೂ ಜಾಗ ಬಿಟ್ಟಿತ್ತಂತೆ.
ತಲೆತಲಾಂತರ ಅಂಜೂರದ ಬುಡದಲ್ಲೇ ಜಿನುಗಿದ್ದು
ಈಗ ಎರಡು ಕೂಗಳತೆ ಕೆಳಗೆ, ಯಾರದೂ ಅಲ್ಲದ ಬಂಡೆಸೀಳಿನಲ್ಲಿ
ಕೆಮ್ಮಣ್ಣು ಕಾರುತ್ತ,
ದಾರಿ ತಪ್ಪಿ ಬೇರೆಯವರ ಜಗಲಿಯಲ್ಲಿ ಕೂತ ಮುದುಕಿಯ ಹಾಗೆ.
ಅಲ್ಲಿಂದ ಅದನ್ನು ಕರೆತಂದಿದ್ದೆವು: ಪಂಪು, ಮರಳು, ಕೊಳವೆ, ಔಷಧಿ.

ಮುದುಕ ಬಿಹಿ ಚಹಾ ಬಾಯಿಗಿಟ್ಟು ಪಕ್ಕಕ್ಕೆ ಉಗಿದ.
"ಆಸ್ಪತ್ರೆ ಕುಡಿದ ಹಾಗಿದೆ. ಪುದೀನಕ್ಕೆ ಅವಮಾನ."
ಆಮೇಲೆ ನನ್ನ ಮುಖ ನೋಡಿ, ಪಾಪ ಅನ್ನಿಸಿ,
ಇನ್ನೊಂದು ಗುಟುಕು ಕುಡಿದ.

ಇಲ್ಲಿ ನೀರಿಗೆ ಅಮಾನ್ ಅನ್ನುತ್ತಾರೆ.
ನಾನು ಕಲಿತ ಮೊದಲ ಮಾತು ಅದೇ.
ನನ್ನ ಕನ್ನಡದ ಕಿವಿಗೆ ಪ್ರತಿಸಲ ಅದರೊಳಗೆ
ಮಾನ ಕೇಳಿಸುತ್ತಿತ್ತು. ಕೇಳಿಸಿದರೇನು,
ತಲೆಗೆ ಹದಿನೈದು ಲೀಟರಿನ ಲೆಕ್ಕದಲ್ಲಿ
ಅದಕ್ಕೊಂದು ಕಾಲಂ ಇರಲಿಲ್ಲ.

ಮೂರು ದಿನವಾದರೂ ತೊಟ್ಟಿ ಇಳಿಯಲಿಲ್ಲ.
ಗಂಡಸರು ಕುಡಿದರು, ಹೇಸರಗತ್ತೆ ಕುಡಿಯಿತು, ಮಕ್ಕಳು ಆಟಕ್ಕೆ ಚೆಲ್ಲಿದರು.
ಹೆಂಗಸರ ತುಟಿ ಮಾತ್ರ ಬಿರುಕು ಬಿಟ್ಟ ಗೋಡೆ.
ನಲ್ಲಿ ಬಿಗಿಯೇ, ದೂರವೇ, ರುಚಿ ಹಿಡಿಸದೇ,
ನಾನು ಕೇಳುತ್ತ ಹೋದೆ.
ಅವರು ತಲೆವಸ್ತ್ರ ಸರಿಮಾಡಿಕೊಳ್ಳುತ್ತ ಹೋದರು.

ಕೊನೆಗೆ ಯಾಮ್ನಾ, ಹಲ್ಲಿಲ್ಲದ ಸೂಲಗಿತ್ತಿ,
ಕೋಲಿನಿಂದ ಬೋಳು ಬೆಟ್ಟ ತೋರಿಸಿದಳು:
"ನೋಡು. ಗೋಡೆ ಎಲ್ಲಿದೆ? ಪೊದೆ ಎಲ್ಲಿದೆ?
ಸೈನ್ಯದ ಹುಡುಗರು ಅಲ್ಲಿ, ಲಾರಿಯವರು ಅಲ್ಲಿ,
ಕ್ಯಾಮೆರಾ ಹಿಡಿದವನು ಎಲ್ಲೆಲ್ಲೂ.
ಕತ್ತಲಾಗುವ ತನಕ ನಾವು ಕಾಯಬೇಕು.
ಕಾಯಬೇಕಾದವಳು ಕುಡಿಯುತ್ತಾಳೇನೋ, ಮಗನೇ?"

ಸೀಸೆಯನ್ನು ಜೇಬಿಗೆ ಹಾಕಿಕೊಂಡೆ.

ಹೊಸ ಊಟೆಯಿಂದ ದೂರ, ಏಳು ಗುಂಡಿ ತೋಡಿದೆವು.
ಸುತ್ತ ನೀಲಿ ತಾಡಪಾಲು. ಗಾಳಿ ಅದನ್ನು
ಗಳಿಗೆಗೊಮ್ಮೆ ಎತ್ತಿ ಇಣುಕಿತು.
"ಬಾಗಿಲು" ಎಂದಳು ಯಾಮ್ನಾ.
ಮುಂದಿನ ಲಾರಿಗೆ ಬರುತ್ತದೆ ಎಂದೆ,
ಅದಕ್ಕೆ ಮುಂಚೆ ಮೂರು ಸಹಿ ಆಗಬೇಕು ಎಂದೆ.

ಅವರು ನಗಲೂ ಇಲ್ಲ.
ಮರುದಿನ ನಸುಕಿಗೇ ಕಲ್ಲು ಉರುಳಿಸುವ ಸದ್ದು.
ಸತ್ತವರನ್ನೆಲ್ಲ ತೆಗೆದು ಮುಗಿದಿತ್ತಲ್ಲ, ಇನ್ನೇನು ಎಂದು ಓಡಿದೆ.
ಬೆನ್ನ ಮೇಲೆ ಬಾಗಿಲು ಹೊತ್ತ ಹೆಂಗಸರು
ಬೆಟ್ಟ ಇಳಿಯುತ್ತಿದ್ದರು.
ಗೋಡೆಯೇ ಉಳಿಯದ ಮನೆಗಳ, ಅಕ್ರೋಟು ಮರದ,
ಮೊಳೆಹೂವಿನ, ಹಸಿರು ಬಣ್ಣ ಚಕ್ಕೆಯೆದ್ದ,
ಮದುಮಗಳು ಒಳಬಂದ, ಹೆಣ ಹೊರಹೋದ ಬಾಗಿಲು.
ಏಳು ಗುಂಡಿಗೆ ಹನ್ನೆರಡು ಬಾಗಿಲು. ಜಗಳವೂ ಆಯಿತು.

ತುದಾಳ ಬಾಗಿಲಿನ ಒಳಮೈಗೆ ಇದ್ದಿಲ ಗೀಟು:
ಕೆಲ್ತೂಮ್ ಇಷ್ಟೆತ್ತರ, ಇಷ್ಟೆತ್ತರ, ಇಷ್ಟು,
ನನ್ನ ಸೊಂಟದವರೆಗೆ ಬಂದು, ಆಮೇಲೆ ಬರೀ ಮರ.
ತಿರುಗಿಸಿ ಕೂರಿಸಲೇ, ಗೀಟು ಹೊರಗಿರಲಿ, ಎಂದೆ.
"ಬೇಡ. ಚಿಲಕ ಒಳಗಿದೆ."

ಆ ಸಂಜೆ ಮೊದಲು ಹೋದವಳು ಅವಳೇ.
ತಂಬಿಗೆ ತುಂಬಿಕೊಂಡಳು. ಚಿಲಕ ಬಿತ್ತು.
ಹೊತ್ತಾಯಿತು. ಹೊರಗೆ ಸಾಲು ಬೆಳೆಯಿತು.
ಒಂದು ಡೇರೆಯಲ್ಲಿ ಇಪ್ಪತ್ತಮೂರು ಮಂದಿ ಮಲಗುವ ಕಡೆ
ಒಬ್ಬಳೇ ಇರಬಹುದಾದ ಜಾಗ ಇದೊಂದೇ ಎಂದು
ನನಗೆ ಹೊಳೆಯುವ ಮೊದಲೇ ಅವರಿಗೆ ಗೊತ್ತಿತ್ತು.
ಯಾರೂ ತಟ್ಟಲಿಲ್ಲ.
ಯಾಮ್ನಾ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು,
ಖಾಲಿ ಬಕೆಟ್ಟಿಗೆ ನೀರು ಧೋ ಎಂದು ಬೀಳುವ ಹಾಗೆ,
ಒಳಗಿನ ಸದ್ದು ಹೊರಗೆ ಕೇಳಿಸದ ಹಾಗೆ.
ನೀರು ತುಂಬಿ ಪೋಲಾಗುತ್ತಿತ್ತು.
ನಾನು ಸುಮ್ಮನಿದ್ದೆ.

ರಾತ್ರಿ ಕಡ್ಡಿ ಇಳಿಸಿ ಅಳೆದೆ. ಎರಡು ಗೇಣು ಇಳಿದಿತ್ತು.
ಬಳಕೆ ಎಂಬ ಕಾಲಮ್ಮಿನಲ್ಲಿ ಬರೆದೆ, ಅಷ್ಟೂ.
ಬೆಳಗ್ಗೆ ಬಿಹಿ ಕೇಳಿದ: ಇವತ್ತು ಔಷಧಿ ಕಡಿಮೆ ಹಾಕಿದೆಯಾ?
ಇಲ್ಲ ಎಂದೆ.
ಹ್ಞೂಂ ಎಂದು ಚಹಾ ಬಸಿದ,
ಎತ್ತರದಿಂದ, ನೊರೆ ಏಳುವ ಹಾಗೆ.