ವರದಿಯ ಹಿಂಬದಿ

ದೂರು ಬಂದದ್ದು ಇಷ್ಟೇ:
ಸಿದ್ದಾಪುರದಾಚೆ, ಲೈನ್ ಮನೆ, ಹೊರಗಿನಿಂದ ಬೀಗ,
ಒಳಗೆ ಎರಡು ಮಕ್ಕಳು.

ಜೀಪಿನಲ್ಲಿ ನನ್ನ ತೊಡೆಯ ಮೇಲೆ ಹೊಸ ಫೈಲು,
ತಲೆಯಲ್ಲಿ ಎರಡು ವರ್ಷದ ಓದು,
ಇಸ್ತ್ರಿ ಮಡಿಕೆ ಬಿಚ್ಚದ ಕಾಯಿದೆ ಕಲಮುಗಳು.
ಬೀಗ ಒಡೆಸೋಣ ಮೇಡಂ, ಅಂದೆ.
ಚೋಂದಮ್ಮ ಮೆಟ್ಟಿಲ ಮೇಲಿನ ಕಾಫಿ ಸಿಪ್ಪೆ ಸರಿಸಿ ಕೂತರು.
‘ಮೊದಲು ಕೂರು. ನಾವು ಬಾಗಿಲು ಮುರಿಯುವವರಲ್ಲ ಅಂತ
ಒಳಗಿರುವವರಿಗೆ ಗೊತ್ತಾಗಲಿ.’

ಕಿಟಕಿ ಸರಳಿನ ನಡುವೆ ಒಂದು ಕಣ್ಣು.
ಅಮ್ಮಿಣಿ. ಎಂಟೋ ಒಂಬತ್ತೋ.
ಕಂಕುಳಲ್ಲಿ ತಮ್ಮ, ಮೂಗು ಸುರಿಸುತ್ತ.
ನನಗೆ ಬರುವ ಎರಡೇ ಎರವ ಮಾತು ಆಡಿದೆ,
ಎರಡೂ ತಪ್ಪು. ಅವಳು ತಿದ್ದಿದಳು,
ಮತ್ತೆ ಹೇಳಿಸಿದಳು, ಟೀಚರಮ್ಮನ ಹಾಗೆ.
ಹೀಗೇ ಒಂದು ಗಂಟೆ. ಶಾಲೆ ಯಾಕೆ ಬಿಟ್ಟೆ ಅಂತ
ಕೇಳಲಿಲ್ಲ. ಕೇಳದೆ ಇರುವುದು
ಇಷ್ಟು ಕಷ್ಟ ಅಂತ
ಯಾವ ಪರೀಕ್ಷೆಯಲ್ಲೂ ಬಂದಿರಲಿಲ್ಲ.

ಬೀಗ ಯಾರಿಗೆ ಅಂತ ಅವಳೇ ಹೇಳಿದಳು: ಆನೆಗೆ.
ಮೊನ್ನೆ ಕೆರೆಯ ಬದಿ ನಿಂತಿತ್ತಂತೆ,
ತಮ್ಮ ನೋಡಲು ಓಡಿದ್ದನಂತೆ.

ಹಣ್ಣು ತೂಕ ಹಾಕಿಸಿ ಮಧ್ಯಾಹ್ನ ಬಂದ ಪಾರು
ಸೆರಗಿನ ಗಂಟಿಂದ ಕೀಲಿ ತೆಗೆದಳು,
ಕೈ ನಡುಗಿ ಎರಡು ಸಲ ತಪ್ಪಿತು.
ಒಳಗೆ, ಒಲೆಯ ಸುತ್ತ ಸೀಮೆಸುಣ್ಣದ ಗೆರೆ.
ದಿನಾ ಬೆಳಿಗ್ಗೆ ಹೊಸದಾಗಿ ಎಳೆಯುತ್ತಾಳೆ,
ಇದನ್ನು ದಾಟಬೇಡಿ ಅಂತ.

ನನ್ನ ಗಂಟಲು ಕಟ್ಟಿತು. ಚೋಂದಮ್ಮನದು ಕಟ್ಟಲಿಲ್ಲ.
ಕಡ್ಡಿಯಿಂದ ಬೂದಿ ಕೆದಕಿದರು, ಅಡಿಯಲ್ಲಿ ಇನ್ನೂ ಕೆಂಡ.
ಕೂಸನ್ನು ಎತ್ತಿ ಆಡಿಸುವ ನೆಪದಲ್ಲಿ
ಅಂಗಿ ಸರಿಸಿ ಬೆನ್ನು ನೋಡಿದರು.
ಬರುವ ದಾರಿಯಲ್ಲಿ ಹೇಳಿದರು:
‘ಕುಶಾಲನಗರದಲ್ಲಿ ಒಮ್ಮೆ ಒಬ್ಬ ಅಪ್ಪನ ಕಣ್ಣೀರು ನಂಬಿ ಎದ್ದು ಬಂದೆ.
ಬೆನ್ನು ನೋಡಲಿಲ್ಲ.’
ಆಮೇಲೆ ಮಡಿಕೇರಿ ತನಕ ಜೀಪಿನಲ್ಲಿ ಮಾತಿಲ್ಲ.

ನಮೂನೆಯಲ್ಲಿ ಎರಡೇ ಚೌಕ:
ನಿರ್ಲಕ್ಷ್ಯ ಹೌದು, ನಿರ್ಲಕ್ಷ್ಯ ಅಲ್ಲ.
ಗೆರೆ ನಿಜ. ಕೆಂಡವೂ ನಿಜ,
ಕಿಡಿ ಹಾರಿದರೆ ಆ ಬೀಗ
ಆನೆಗಿಂತ ಕೆಟ್ಟದ್ದು.

ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದೆ:
ಇನ್ನೊಂದು ಕೀಲಿ ಪಕ್ಕದ ಮನೆ ಅಜ್ಜಿಯ ಹತ್ತಿರ.
ಹೊರಡುವ ಮುಂಚೆ ಒಲೆಗೆ ನೀರು.
ಮಕ್ಕಳನ್ನು ಕೂರಿಸಲು ತೋಟದ ರೈಟರ ಬಳಿ ಒಂದು ಕೋಣೆ ಕೇಳುವುದು,
ಇಲ್ಲ ಅಂದರೆ ಮತ್ತೆ ಕೇಳುವುದು.
ಗುರುವಾರ ಹೋಗುವುದು, ಜೀಪು ಸಿಗದಿದ್ದರೆ ಬಸ್ಸಿನಲ್ಲಿ.
ಅಷ್ಟರೊಳಗೆ ಆ ಎರಡು ಮಾತು ಸರಿಯಾಗಿ ಬರಬೇಕು,
ಅಮ್ಮಿಣಿ ಕೇಳದೆ ಬಿಡುವವಳಲ್ಲ.